ನೀಲತ್ತೆಯ ತೊಟ್ಟಿಲು ಪೆಟ್ಟಿಗೆಗೆ ಹೋದ ಮಳೆಗಾಲ

ಮೊನ್ನೆ ಮೊಮ್ಮಗಳ ಲಂಗಕ್ಕೆ ಅಂಚು ಹಾಕಿಸಲು ಬೆಳಗಾವಿಯ ಸದಾಶಿವನಗರದ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿಯ ಹುಡುಗಿ ಬೆರಳಿನಷ್ಟೂ ಇಲ್ಲದ ಒಂದು ಪೆನ್ ಡ್ರೈವನ್ನು ಮಶೀನಿನ ಪಕ್ಕೆಗೆ ಸಿಕ್ಕಿಸಿದಳು. ಮಶೀನು ಯಾರ ಹಂಗೂ ಇಲ್ಲದೆ ಗಡಗಡ ಎಂದು ನವಿಲು ಹೊಲಿಯತೊಡಗಿತು. "ಚಾ ಕುಡದು ಬರ್ರಿ ಆಂಟಿ, ಅಷ್ಟ್ರಾಗ ಆಗಿರ್ತೈತಿ" ಅಂದಳು. ನಾನೆಲ್ಲಿ ಚಹಾಕ್ಕೆ ಹೋಗಲಿ? ಮಶೀನಿನ ಎಣ್ಣೆ, ಬಿಸಿಯಾದ ಹತ್ತಿ ಬಟ್ಟೆ, ಎರಡೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನನಗೆ ಇಪ್ಪತ್ತು ತುಂಬಿದ ವರ್ಷದ ಮಳೆಗಾಲ ಬಂದು ಎದುರಿಗೆ ನಿಂತಿತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬೆಳಗಾವಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಬಟ್ಟೆ ವಿನ್ಯಾಸ ಮತ್ತು ಹೊಲಿಗೆಯ ಡಿಪ್ಲೊಮಾ ಓದುತ್ತಿದ್ದೆ, ಕೊನೆಯ ವರ್ಷ. ಮನೆ ಖಾನಾಪುರದಲ್ಲಿ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ದಿನಾ ಮುಂಜಾನೆ ಪ್ಯಾಸೆಂಜರ್ ಗಾಡಿ ಹಿಡಿದು ಹೋಗುವುದು, ಸಂಜೆಯ ಗಾಡಿಗೆ ಮರಳುವುದು. ಖಾನಾಪುರದ ಮಳೆ ಅಂದರೆ ಹೇಳಬೇಕೇ? ಒಮ್ಮೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುತ್ತಿರಲಿಲ್ಲ. ಅವ್ವ ನನ್ನ ಲಂಗ ಬ್ಲೌಸುಗಳನ್ನು ಬೋರಲು ಹಾಕಿದ ಬುಟ್ಟಿಯ ಮೇಲೆ ಹರವಿ, ಕೆಳಗೆ ಕೆಂಡವಿಟ್ಟು ಒಣಗಿಸಿ ಕೊಡುತ್ತಿದ್ದಳು. ನಾನು ಹೊಗೆಯ ವಾಸನೆ ಹೊತ್ತುಕೊಂಡೇ ಡಿಸೈನ್ ಕಲಿತವಳು.

ಹೊಲಿಗೆಯಲ್ಲಿ ಮೊದಲ ವರ್ಷ ನನ್ನಷ್ಟು ದಡ್ಡಿ ಇನ್ನೊಬ್ಬಳಿರಲಿಲ್ಲ. ಕಾಲಿನ ಮಶೀನಿನ ಗಾಲಿ ನಾನು ತುಳಿದರೆ ಹಿಂದಕ್ಕೇ ತಿರುಗುತ್ತಿತ್ತು, ದಾರ ಪಟ್ಟನೆ ಹರಿಯುತ್ತಿತ್ತು. ಹೊಲಿಗೆ ಮೇಡಂ ಬೇಸತ್ತು ನನ್ನನ್ನು ಕ್ಯಾಂಪಿನಲ್ಲಿ ಮಿಲಿಟರಿಯವರ ಡ್ರೆಸ್ಸು ಹೊಲಿಯುತ್ತಿದ್ದ ಇಸ್ಮಾಯಿಲ್ ಚಾಚಾರ ಅಂಗಡಿಗೆ ಶನಿವಾರ ಶನಿವಾರ ಕಳಿಸಿದರು. ಚಾಚಾ ಬಟ್ಟೆಯನ್ನೂ ಕೊಡಲಿಲ್ಲ, ದಾರವನ್ನೂ ಕೊಡಲಿಲ್ಲ. ಗೆರೆ ಎಳೆದ ನೋಟುಬುಕ್ಕಿನ ಹಾಳೆ ಕೊಟ್ಟು, ಗೆರೆಯ ಮೇಲೆಯೇ ಬರಿ ಸೂಜಿ ಓಡಿಸು ಎಂದರು. "ಬೇಟಿ, ಇದಕ್ಕ್ಯಾಕ ಹೆದರ್ತಿ? ಇದು ಕುದುರಿ ಅಲ್ಲ, ಎತ್ತು. ನೀ ನಿಂತ್ರ ತಾನೂ ನಿಂದರ್ತೈತಿ" ಅಂದರು. ಎರಡು ತಿಂಗಳಲ್ಲಿ ನನ್ನ ಹೊಲಿಗೆ ನೆಟ್ಟಗಾಯಿತು. ಕೊನೆಯ ಶನಿವಾರ ಅವರು ನನಗೊಂದು ಉಡುಗೊರೆ ಕೊಟ್ಟರು: ಕೆಟ್ಟ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಅಂಗೈಯಗಲದ ಅಯಸ್ಕಾಂತ. ಟೇಲರ್‌ಗಳ ಹತ್ತಿರ ಅದು ಇದ್ದೇ ಇರುತ್ತದೆ. ನೆಲಕ್ಕೆ ಬಿದ್ದ ಗುಂಡುಸೂಜಿಗಳ ಮೇಲೆ ಆಡಿಸಿದರೆ ಸಾಕು, ಎಲ್ಲ ಮೇಲೆದ್ದು ಬರುತ್ತವೆ. ನಾನದನ್ನು ನನ್ನ ಹೊಲಿಗೆಯ ತಗಡಿನ ಡಬ್ಬಿಯಲ್ಲಿಟ್ಟುಕೊಂಡೆ.

ಕೊನೆಯ ವರ್ಷ ಕಾಲೇಜು ತೆರೆದಾಗ ಕಂಪ್ಯೂಟರ್ ಬಂದಿತ್ತು. ಬಂದದ್ದು ಮೂರು. ಅದಕ್ಕಾಗಿ ಒಂದು ಕೋಣೆಗೆ ಹೊಸ ಬಣ್ಣ, ಪರದೆ, ತಂಪು ಗಾಳಿಯ ಯಂತ್ರ! ಚಪ್ಪಲಿ ಹೊರಗೆ ಬಿಡಬೇಕು. ಬೇರೆಯವರಿಗೆ ಅಷ್ಟು ಸಾಕು, ನಮಗೆ ಇನ್ನೊಂದು ಶಿಕ್ಷೆ: ಬಟ್ಟೆಗೆ ಅಂಟಿದ ದಾರ, ಅರಳೆ, ಎಲ್ಲ ಝಾಡಿಸಿಕೊಂಡು ಒಳಗೆ ಬರಬೇಕು. "ನೀವು ಹೊಲಿಗಿಯವರು ಬಂದು ಹೋದ್ರ ನನ್ನ ಕೀ-ಬೋರ್ಡಿಗೆ ಗಡ್ಡ ಬೆಳಿತೈತಿ" ಎಂದು ಕಂಪ್ಯೂಟರ್ ಸರ್ ಗೊಣಗುತ್ತಿದ್ದರು. ಕಪ್ಪು ಪರದೆಯ ಮೇಲೆ ಹಸಿರು ಚುಕ್ಕೆ. ಬಾಣದ ಗುರುತಿನ ಗುಂಡಿ ಒತ್ತಿದರೆ ಚುಕ್ಕೆ ಒಂದು ಮನೆ ಸರಿಯುತ್ತಿತ್ತು, ಇನ್ನೊಂದು ಗುಂಡಿ ಒತ್ತಿದರೆ ಆ ಮನೆ ತುಂಬುತ್ತಿತ್ತು. ಹೀಗೆ ಮನೆ ಮನೆ ತುಂಬಿ ಡಿಸೈನ್ ಮಾಡಿ, ಅದನ್ನು ಫ್ಲಾಪಿ ಎಂಬ ಕಪ್ಪು ತೆಳುವಾದ ಚೌಕದಲ್ಲಿ ಉಳಿಸಬೇಕು. ಒಬ್ಬೊಬ್ಬರಿಗೆ ಒಂದೊಂದೇ ಫ್ಲಾಪಿ. ನವೆಂಬರಿನ ಪರೀಕ್ಷೆಯಲ್ಲಿ ಆ ಡಿಸೈನನ್ನು ಅಚ್ಚು ಹಾಕಿಸಿ, ನೋಡಿ ಹೊಲಿದು ತೋರಿಸಬೇಕು. ನನಗೆ ಅದು ಹೊಸದೆನ್ನಿಸಲೇ ಇಲ್ಲ. ಎಳೆ ಎಣಿಸಿ ಮನೆ ತುಂಬುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆನಲ್ಲ, ನೀಲತ್ತೆಯ ಕೈಯಲ್ಲಿ!

ನೀಲತ್ತೆ ಅಪ್ಪನ ತಂಗಿ. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ಮುಂಜಾನೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿ, ನಡುಮನೆಯ ಗೋಡೆಗೆ ಆನಿಕೊಂಡು ಕುಳಿತಳೆಂದರೆ ಕಸೂತಿಯೇ ಕಸೂತಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಮರಳುವಾಗ ಬಿಟ್ಟದ್ದನ್ನು ತುಂಬುತ್ತ ಬರಬೇಕು. ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲೂ ಕೆಳಗೂ ಚಿತ್ರ ಒಂದೇ. ಗೋಪುರ, ಆನೆ, ತುಳಸಿಕಟ್ಟೆ ಎಲ್ಲರೂ ಹಾಕುತ್ತಾರೆ, ಆದರೆ ಅತ್ತೆ ತಾನೇ ಕಟ್ಟಿದ ಒಂದು ತೊಟ್ಟಿಲಿತ್ತು: ಮೇಲೆ ಎರಡು ಗಿಣಿ, ಅವುಗಳ ಕೊಕ್ಕಿನಿಂದ ಇಳಿದ ಹಗ್ಗ, ಹಗ್ಗಕ್ಕೆ ತೂಗುವ ತೊಟ್ಟಿಲು. ಅದನ್ನು ನಾನು ಹುಟ್ಟಿದಾಗ ನನ್ನ ಕುಂಚಿಗೆಯ ಮೇಲೆ ಹಾಕಿದ್ದಳು. ಕುಂಚಿಗೆ ಅಂದರೆ ಕೂಸಿನ ತಲೆ ಬೆನ್ನು ಎರಡನ್ನೂ ಮುಚ್ಚುವ ಟೊಪ್ಪಿಗೆ. ಊರವರು ಆ ತೊಟ್ಟಿಲು ಕೇಳಿ ಕೇಳಿ ಸೋತರು. ಅತ್ತೆ ಬೇರೆ ಏನನ್ನಾದರೂ ಹೊಲಿದು ಕೊಟ್ಟಾಳು, ತೊಟ್ಟಿಲನ್ನು ಮಾತ್ರ ಹೊಲಿದೂ ಕೊಡಳು, ಹೇಗೆಂದು ಹೇಳಿಯೂ ಕೊಡಳು. ರೊಟ್ಟಿ ಕೇಳಿದವರಿಗೆ ಬೆಣ್ಣೆ ಹಚ್ಚಿ ಕೊಡುವ ಹೆಂಗಸು ಇದೊಂದು ವಿಷಯದಲ್ಲಿ ಕಲ್ಲು. ಒಮ್ಮೆ ನಾನೇ ಸಿಟ್ಟಿನಿಂದ ಕೇಳಿದ್ದೆ, ಅಷ್ಟ್ಯಾಕ ಜೀವ ಹಿಡೀತಿ ಅಂತ. "ಈ ಮನ್ಯಾಗ ಉಣ್ಣೂದು ಅಣ್ಣಂದು, ಉಡೂದು ಅಣ್ಣಂದು. ಇದೊಂದ ನಂದು" ಅಂದಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಆ ವರ್ಷ ಅವಳ ಕಣ್ಣು ಮಂಜಾಗತೊಡಗಿದವು. ಜೂನ್‌ನಲ್ಲಿ ಬೆಳಗಾವಿಯ ಕಣ್ಣಿನ ಡಾಕ್ಟರು ನೋಡಿ, ನರ ಒಣಗುತ್ತಿದೆ, ಹೋದದ್ದು ಮರಳುವುದಿಲ್ಲ, ಉಳಿದದ್ದೂ ವರ್ಷದೊಳಗೆ ಹೋದೀತು ಎಂದು ಅಪ್ಪನಿಗೆ ಹೇಳಿದರು. ಅತ್ತೆ ಅಲ್ಲೇ ಇದ್ದಳು, ಕೇಳಿಸಿಕೊಂಡಳು. ಸಂಜೆ ನನ್ನ ಜೊತೆ ಗಾಡಿಯಲ್ಲಿ ಮರಳುವಾಗ ಕಿಟಕಿಯ ಹೊರಗೆ ನೋಡುತ್ತ, "ತೊಟ್ಟಿಲ ನನ್ನ ಕೂಡನ ಹೋಗ್ತೈತಿ ಬಿಡು" ಅಂದಳು.

"ಕಾಗದದ ಮ್ಯಾಲ ಇಳಸ್ತೀನಿ ತಾ" ಅಂದೆ.

"ಬ್ಯಾಡವಾ ಗಂಗಿ. ಕಾಗದ ಯಾರ ಕೈಗರ ಸಿಕ್ಕೀತು."

"ಹಂಗಾರ ನಮ್ಮ ಕಾಲೇಜಿನ ಕಂಪ್ಯೂಟರಿಗೆ ಹಾಕೂಣು. ಅದು ಒಂದು ಕರೀ ಚೌಕದಾಗ ಹೋಗಿ ಕುಂದರ್ತೈತಿ. ಕಣ್ಣಿಗೆ ಕಾಣಂಗಿಲ್ಲ."

"ಯಾರಿಗೂ ಕಾಣಂಗಿಲ್ಲ?"

"ಯಾರಿಗೂ. ಆ ಕಂಪ್ಯೂಟರ್ ಪೆಟಗಿಗೆ ತುರುಕಿದ್ರ ಅಷ್ಟ ಕಾಣ್ತೈತಿ."

ಅತ್ತೆ ಕಿಟಕಿಯಿಂದ ನನ್ನ ಕಡೆ ತಿರುಗಿದಳು. ಆಮೇಲೆ ನಕ್ಕಳು. "ಶಾಣ್ಯಾ ಪೆಟಗಿ ನೋಡ ಅದು! ಹಾಕು ಹಂಗಾರ. ಆದ್ರ ಪರೀಕ್ಷಾ ಬರೂತನಕ ಕಾಗದದ ಮ್ಯಾಲ ಒಂದು ಗೆರಿ ಸುದ್ದಾ ಮೂಡಬಾರದು, ನನ್ನ ಮ್ಯಾಲ ಆಣಿ."

ಆರು ವಾರ ಹಿಡಿಯಿತು. ಕುಂಚಿಗೆಯನ್ನು ಧೋತರದ ತುಂಡಿನಲ್ಲಿ ಸುತ್ತಿ ಒಯ್ಯುತ್ತಿದ್ದೆ. ಗುಂಡುಸೂಜಿಯ ತುದಿಯಿಂದ ಎಳೆ ಎಣಿಸುವುದು, ಗುಂಡಿ ಒತ್ತುವುದು, ಮತ್ತೆ ಎಣಿಸುವುದು. ಆಗಸ್ಟಿನಲ್ಲಿ ಮುಗಿದಾಗ ಅತ್ತೆಯನ್ನೇ ಕರೆದುಕೊಂಡು ಹೋದೆ. ಚಪ್ಪಲಿ ಕಳಚಿ, ಸೆರಗು ಹೊದ್ದು, ಗುಡಿಗೆ ಬಂದವಳಂತೆ ಒಳಗೆ ಬಂದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಗಾಜಿನ ಮೇಲೆ ಹೆಬ್ಬೆರಳಿನ ಉಗುರಿಟ್ಟು ಗಿಣಿಯಿಂದ ಹಗ್ಗದವರೆಗೆ ಎಣಿಸಿದಳು. ಸರಿಯಾಗಿತ್ತು. ಆಮೇಲೆ ಸರ್ ಕಡೆ ತಿರುಗಿ, "ಎಲ್ಲಾ ಬರೋಬ್ಬರಿ ಐತ್ರಿ. ಇದರ ಹಿಂದಿನ ಬಾಜು ಎಲ್ಲೈತ್ರಿ?" ಎಂದು ಕೇಳಿದಳು. ಸರ್ ಕಕ್ಕಾಬಿಕ್ಕಿಯಾಗಿ ಪೆಟ್ಟಿಗೆಯನ್ನೇ ಅರ್ಧ ತಿರುಗಿಸಿ ತೋರಿಸಿದರು. ಹಿಂದೆ ಬರೀ ವೈರುಗಳಿದ್ದವು.

ಆ ವಾರ ನಮ್ಮ ಪಾಳಿ ಮುಗಿಯಿತು, ಕಂಪ್ಯೂಟರ್ ಬೇರೆ ವರ್ಗದವರಿಗೆ ಹೋಯಿತು. ಸರ್ ಫ್ಲಾಪಿಗಳನ್ನು ನಮ್ಮ ಕೈಗೇ ಕೊಟ್ಟರು. "ಮಡಚಬ್ಯಾಡ್ರಿ, ಬಿಸಲಾಗ ಇಡಬ್ಯಾಡ್ರಿ, ನೀರು ತಾಗಸಬ್ಯಾಡ್ರಿ. ಪರೀಕ್ಷಾದ ದಿನ ತರ್ರಿ." ನೀರು ತಾಗಿಸಬೇಡಿ ಎಂದು ಖಾನಾಪುರದ ಹುಡುಗಿಗೆ, ಆಗಸ್ಟ್ ತಿಂಗಳಲ್ಲಿ! ಸ್ಟೇಶನ್ನಿನಲ್ಲಿ ಛತ್ರಿ ಮೇಲೆ ಕೆಳಗೆ ಮಾಡುವಷ್ಟು ಗಾಳಿ ಮಳೆ. ನಾನು ಬಹಳ ಶಾಣ್ಯಾತನ ಮಾಡಿ ಫ್ಲಾಪಿಯನ್ನು ಹೊಲಿಗೆಯ ತಗಡಿನ ಡಬ್ಬಿಯೊಳಗಿಟ್ಟು, ಮುಚ್ಚಳ ಬಿಗಿಯಾಗಿ ಒತ್ತಿದೆ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ಹುರಿದ ಶೇಂಗಾ ತಿನ್ನುತ್ತ ಬಂದೆ. ಒಂದು ಹನಿ ನೀರು ಒಳಗೆ ಹೋಗಲಿಲ್ಲ. ಮನೆಗೆ ಬಂದವಳೇ ಡಬ್ಬಿಯನ್ನು ಹಾಗೆಯೇ ಕಪಾಟಿನ ಮೇಲಿಟ್ಟೆ.

ಸೆಪ್ಟೆಂಬರಿನಲ್ಲಿ, ಮದುವೆಯಾಗಿ ಹೋಗಿದ್ದ ನನ್ನ ಅಕ್ಕ ಬಾಣಂತನಕ್ಕೆ ಬಂದಳು, ಗಂಡುಕೂಸು. ನಮ್ಮಲ್ಲಿ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಮನೆಯಲ್ಲಿ ಯಾರೋ ಉಟ್ಟು ಮೆದುವಾದ ಹಳೆಯದನ್ನೇ ಹಾಕಬೇಕು. ಅತ್ತೆ ಟ್ರಂಕು ತೆಗೆದು ನನ್ನ ಕುಂಚಿಗೆಯನ್ನು ತಂದಳು. "ಹೆಂಗೂ ತೊಟ್ಟಿಲ ಪೆಟಗ್ಯಾಗ ಕುಂತೈತಿ. ಇದು ತನ್ನ ಕೆಲಸ ತಾ ಮಾಡ್ಲಿ." ನಾನೇ ಹೂಂ ಅಂದೆ. ಕೂಸು ದಿನಕ್ಕೆ ಹತ್ತು ಸಲ ತೊಯ್ಯಿಸಿತು, ಅವ್ವ ಕುದಿಯುವ ಬೇವಿನ ನೀರಿಗೆ ಹಾಕಿ ಕಲ್ಲಿಗೆ ಬಡಿದಳು. ಇಪ್ಪತ್ತು ವರ್ಷದ ರೇಶ್ಮೆಯ ದಾರ ಎಷ್ಟು ತಡೆದೀತು? ನವೆಂಬರ್ ಬರುವಷ್ಟರಲ್ಲಿ ಕುಂಚಿಗೆ ಮಸಿಬಟ್ಟೆಯಾಗಿ ಒಲೆಯ ಹತ್ತಿರ ಬಿದ್ದಿತ್ತು.

ಪರೀಕ್ಷೆಯ ದಿನ ಫ್ಲಾಪಿ ಹಾಕಿದರೆ ಕಂಪ್ಯೂಟರ್ ಕರ್ ಕರ್ ಎಂದು ಸುಮ್ಮನಾಯಿತು. ಎರಡನೆಯದಕ್ಕೆ ಹಾಕಿದರು, ಮೂರನೆಯದಕ್ಕೆ ಹಾಕಿದರು. ಸರ್ ಫ್ಲಾಪಿ ತಿರುಗಿಸಿ ನೋಡಿ, "ಎಲ್ಲಿ ಇಟ್ಟಿದ್ದಿ ಇದನ್ನ?" ಎಂದರು. ಡಬ್ಬಿ ತೆರೆದು ತೋರಿಸಿದೆ. ಕತ್ತರಿ, ದಾರ ಸುತ್ತಿದ ಬಾಬಿನ್ನು, ಬಟ್ಟೆಗೆ ಗುರುತು ಹಾಕುವ ಚಾಕ್, ಮತ್ತು ಮೈತುಂಬ ಗುಂಡುಸೂಜಿ ಹೊತ್ತ ಅಯಸ್ಕಾಂತ. ಸರ್ ತಲೆಯ ಮೇಲೆ ಕೈ ಹೊತ್ತು ಕುಳಿತರು. ಅಯಸ್ಕಾಂತದ ಬಾಜು ಇಟ್ಟರೆ ಫ್ಲಾಪಿಯಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ ಎಂದು ಆಗ ಹೇಳಿದರು. ಟೇಲರ್‌ಗಳ ಡಬ್ಬಿಯಲ್ಲಿ ಅಯಸ್ಕಾಂತವಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ, ಫ್ಲಾಪಿ ಅಯಸ್ಕಾಂತಕ್ಕೆ ಅಂಜುತ್ತದೆ ಎಂದು ಹೊಲಿಗೆ ಮೇಡಂಗೆ ಗೊತ್ತಿರಲಿಲ್ಲ. ಎರಡೂ ಕೋಣೆಯಲ್ಲಿ ಕುಳಿತು ಕಲಿತವಳು ನಾನೊಬ್ಬಳೇ, ನನಗೂ ಹೊಳೆಯಲಿಲ್ಲ. ಆಗಸ್ಟಿನ ಅದೇ ಸಂಜೆ, ನಾನು ಶೇಂಗಾ ತಿನ್ನುತ್ತಿದ್ದಾಗಲೇ ಅತ್ತೆಯ ತೊಟ್ಟಿಲು ಅಳಿದುಹೋಗಿತ್ತು. ಅತ್ತೆ ಕುಂಚಿಗೆ ಕೊಟ್ಟಾಗ ಆ ಚೌಕದಲ್ಲಿ ಏನೂ ಇರಲೇ ಇಲ್ಲ.

ಪರೀಕ್ಷೆಯ ಚಿಂತೆ ಬಿಡಿ. ಅಲ್ಲೇ ಕುಳಿತು ಒಂದು ಸಾದಾ ಗೋಪುರ ಹಾಕಿ ಹೊಲಿದು ಕೊಟ್ಟೆ, ಪಾಸೂ ಆದೆ. ಆದರೆ ಮನೆಗೆ ಹೋಗಿ ಏನು ಹೇಳಲಿ? ಅತ್ತೆ ಬಾಗಿಲಲ್ಲೇ ಕೇಳಿದಳು, "ತೊಟ್ಟಿಲ ನೋಡಿ ಏನಂದ್ರು?" "ಚಂದೈತಿ ಅಂದ್ರು" ಅಂದುಬಿಟ್ಟೆ. ಮರುದಿನ, "ಕರೀ ಚೌಕ ಎಲ್ಲೈತಿ?" "ಸರ್ ಕಡೆ ಐತಿ." ಹೀಗೆ ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿಸುತ್ತ ಎರಡು ವಾರ ಕಳೆದೆ. ಅವಳ ಕಣ್ಣು ದಿನದಿಂದ ದಿನಕ್ಕೆ ಹೋಗುತ್ತಿದ್ದವು. ಕಾಲ ಕಳೆದಷ್ಟೂ ಕಣ್ಣು ಕಾಣುವ ಉಳಿದ ದಿನಗಳನ್ನು ನಾನೇ ಅವಳಿಂದ ಕಸಿಯುತ್ತಿದ್ದೇನೆ ಅನ್ನಿಸಿತು.

ಒಂದು ಮಧ್ಯಾಹ್ನ ಅವಳು ಮೊರದಲ್ಲಿ ಅಕ್ಕಿ ಹರಡಿ ಬೆರಳಿನಿಂದಲೇ ಹರಳು ಆರಿಸುತ್ತಿದ್ದಳು. ಎದುರು ಕುಳಿತು ಎಲ್ಲ ಹೇಳಿಬಿಟ್ಟೆ. ಅವಳ ಬೆರಳು ನಿಂತವು.

"ಹೋತಾ?"

"ಹೋತು ಅತ್ತಿ."

"ನೀನ ಎಣಿಸಿ ಎಣಿಸಿ ಹಾಕಿದೆಲ್ಲಾ. ನಿನಗ ನೆನಪಿಲ್ಲ?"

"ಇಲ್ಲ. ನಾ ಬರೇ ಗುಂಡಿ ಒತ್ತತಿದ್ದೆ."

ಇದಕ್ಕಿಂತ ನಾಚಿಕೆಯ ಮಾತು ನನ್ನ ಬಾಯಿಂದ ಇನ್ನೂ ಬಂದಿಲ್ಲ. ಆರು ವಾರ ಆ ತೊಟ್ಟಿಲು ನನ್ನ ಕೈಯೊಳಗಿಂದಲೇ ಹಾದುಹೋಗಿತ್ತು, ಒಂದು ಎಳೆಯೂ ನನ್ನಲ್ಲಿ ನಿಂತಿರಲಿಲ್ಲ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಹತ್ತು ದಿನ ನನ್ನ ಜೊತೆ ಮಾತಾಡಲಿಲ್ಲ, ನಾನು ತಾಟು ಇಟ್ಟರೆ ಉಣ್ಣಲಿಲ್ಲ, ಅವ್ವನೇ ಇಡಬೇಕಾಯಿತು. ಅವ್ವ ನಡುವೆ ಬಂದು ಏನೋ ಹೇಳಹೋದರೆ, "ಅಕೀದು ನಂದು ನಡುವ ನೀ ಬರಬ್ಯಾಡ ವೈನಿ" ಅಂದಳು.

ಹನ್ನೊಂದನೆಯ ದಿನ ಗೋಡೆಯ ಹತ್ತಿರದಿಂದ ಕೂಗಿದಳು. "ಗಂಗೀ, ಎಳಿ ದಪ್ಪ ಇರೂ ಅಂಥಾ ಬಟ್ಟಿ ತಾ. ಪೆಟಗಿ ಬ್ಯಾಡ, ಕಾಗದ ಬ್ಯಾಡ. ಸೂಜಿ ಹಿಡಿ."

ತೊಟ್ಟಿಲು ಅವಳ ಬಾಯಲ್ಲಿರಲಿಲ್ಲ, ಕೈಯಲ್ಲಿತ್ತು. ಎಷ್ಟು ಎಳೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಬಟ್ಟೆ ಮುಟ್ಟಿದರೆ ಬರುತ್ತಿತ್ತು. ಆದರೆ ಸೂಜಿಯ ಮೊನೆ ಅವಳಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಇಬ್ಬರ ಮಡಿಲ ನಡುವೆ ಬಟ್ಟೆ ಹಾಸಿಕೊಂಡೆವು. ಅವಳು ಹೆಬ್ಬೆರಳಿನ ಉಗುರಿನಿಂದ ಎಳೆ ಮೀಟುತ್ತ ಹೋಗಿ ಒಂದು ಕಡೆ ಒತ್ತಿ ಹಿಡಿಯುತ್ತಿದ್ದಳು, ಉಗುರಿನ ತುದಿಗೆ ನಾನು ಸೂಜಿ ಇಳಿಸುತ್ತಿದ್ದೆ. ಮೊದಮೊದಲು ಸೂಜಿ ಅವಳ ಬೆರಳಿಗೇ ಚುಚ್ಚುತ್ತಿತ್ತು. "ನನ್ನ ಹೊಲೀಬ್ಯಾಡ, ಬಟ್ಟಿ ಹೊಲಿ" ಅಂದಳು ಒಮ್ಮೆ. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ತಮಾಷೆ ಅದು. ನಾನು ನಗಹೋಗಿ ಅತ್ತುಬಿಟ್ಟೆ.

ತಪ್ಪಿದರೆ ಬಿಚ್ಚು. ಅವಳ ತೀರ್ಪು ಅಷ್ಟೇ. ಮೂರು ದಿನ ಹೊಲಿದದ್ದರ ಮೇಲೆ ಉಗುರು ಆಡಿಸಿ, "ಇಲ್ಲಿ ಒಂದು ಎಳಿ ಜಿಗದಿ" ಎಂದರೆ ಮೂರು ದಿನದ್ದೂ ಬಿಚ್ಚಬೇಕು. ಹಗ್ಗ ಬಂತು, ತೊಟ್ಟಿಲಿನ ತಳ ಬಂತು. ಗಿಣಿಯ ಕುತ್ತಿಗೆಯ ಹತ್ತಿರ ಅವಳ ಉಗುರು ನಿಂತುಬಿಟ್ಟಿತು. ಹಿಂದೆ ಹೋದಳು, ಮುಂದೆ ಬಂದಳು, ಸಿಗಲಿಲ್ಲ. ನಾಲ್ಕು ದಿನ ಅಲ್ಲೇ ಕುಳಿತೆವು. "ಹೋತಲ್ಲೋ ಶಿವನಾ" ಎಂದು ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಾಗ, ನನ್ನ ಕೈ ಮುರಿದು ಬೀಳಬಾರದೇ ಅನ್ನಿಸಿತು. ಐದನೆಯ ದಿನ ಮುಂಜಾನೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಅಲ್ಲಿಂದಲೇ ಚೀರಿದಳು. "ಗಂಗೀ! ಹನ್ನೊಂದ! ಗಿಣಿ ಕುತಗಿಗೆ ಹನ್ನೊಂದ!" ಹಿಟ್ಟಿನ ಕೈಯಲ್ಲೇ ಓಡಿಬಂದು ಬಟ್ಟೆ ಹಿಡಿದಳು. ತವೆಯ ಮೇಲಿನ ರೊಟ್ಟಿ ಕರಕಾಯಿತು, ಅವ್ವ ಕೂಡ ಏನೂ ಅನ್ನಲಿಲ್ಲ.

ಯುಗಾದಿಯ ಹೊತ್ತಿಗೆ ಅತ್ತೆಗೆ ಬಾಗಿಲ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ತೊಟ್ಟಿಲು ಮುಗಿದಿತ್ತು. ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಉಗುರು ಆಡಿಸಿ ನೋಡಿ ಬಟ್ಟೆಯನ್ನು ನನಗೆ ಕೊಟ್ಟಳು. ಚಲೋ ಅನ್ನಲಿಲ್ಲ, ಬಿಚ್ಚು ಅನ್ನಲೂ ಇಲ್ಲ. ನನಗೆ ಅಷ್ಟೇ ಬೇಕಾಗಿತ್ತು. ಆಮೇಲೆ ನೋಡದೆ ಇನ್ನೊಂದು ಹಾಕಿದೆ, ಒಂದೇ ಒಂದು ಎಳೆ ತಪ್ಪಲಿಲ್ಲ.

ಹಬ್ಬ ಕಳೆದ ವಾರ ಬಾಜು ಮನೆಯ ಮರಾಠಿ ಹೆಂಗಸು ಶಾಂತಾಬಾಯಿ ಬಂದರು, ಜೊತೆಗೆ ಐದು ತಿಂಗಳ ಬಸುರಿ ಸೊಸೆ. ನನ್ನ ಮಡಿಲಲ್ಲಿದ್ದ ತೊಟ್ಟಿಲು ಕಂಡು, "ಅಗಬಾಯಿ! ನೀಲಕ್ಕಾ, ಈಗರ ನಮ್ಮ ಸುನಂದಾಗ ಇದನ್ನ ಕಲಸ್ರಿ" ಎಂದರು.

ಅತ್ತೆ ಮುಖ ತಿರುಗಿಸದೆ ಹೇಳಿದಳು, "ನನ್ನ ಕೇಳಬ್ಯಾಡ ಶಾಂತಾ. ಅಕೀನ್ನ ಕೇಳು. ಈಗ ಅದು ಅಕೀದು."

ಅವಳಿಗೆಂದು ಇದ್ದ ಒಂದೇ ಒಂದು ವಸ್ತು! ನಾನೂ ಅವಳ ಹಾಗೆ ಬಿಗಿ ಹಿಡಿದು ಕಾಪಾಡಬೇಕೋ, ಏನು ಮಾಡಬೇಕೋ? ಆ ಕಪ್ಪು ಚೌಕ ಹಾಕಿದಾಗ ಪೆಟ್ಟಿಗೆ ಕರ್ ಕರ್ ಎಂದದ್ದು ನೆನಪಾಯಿತು. ಒಬ್ಬಳ ಹತ್ತಿರ ಮಾತ್ರ ಇದ್ದದ್ದು ಹೋಗಲು ಎಷ್ಟು ಹೊತ್ತು? ಅತ್ತೆಯ ಮುಖ ನೋಡಲು ಧೈರ್ಯವಾಗದೆ, ಸೊಸೆಗೆ "ನಾಳೆ ಬಾ, ಸೂಜಿ ತಗೊಂಡು ಬಾ" ಅಂದೆ. ಅತ್ತೆ ಎದ್ದು ಒಳಗೆ ಹೋದಾಳು, ಇನ್ನೂ ಹತ್ತು ದಿನ ಮಾತು ಬಿಟ್ಟಾಳು ಅಂದುಕೊಂಡೆ.

ಅತ್ತೆ ಕೈಚಾಚಿ ಆ ಹುಡುಗಿಯ ಸೆರಗು ತಡವಿ ಹಿಡಿದಳು. "ನಾಳೆ ಯಾಕ? ಇವತ್ತ ಕುಂದರವಾ. ಬಸರಿ ಇದ್ದಿ, ಬೆನ್ನ ನೋಯ್ತೈತಿ, ಇಲ್ಲಿ ಆನಕೊಂಡು ಕುಂದರು" ಎಂದು, ಇಪ್ಪತ್ತು ವರ್ಷ ತಾನು ಬೆನ್ನು ಕೊಟ್ಟು ಕುಳಿತ ಗೋಡೆಯನ್ನು ಬಿಟ್ಟು ಚಾಪೆಯ ಅಂಚಿಗೆ ಸರಿದಳು.